ಕಠಿಣ ಆಟಗಳಲ್ಲಿ ಶತ್ರುಗಳ ಜೋಡಣೆ: ಯಾವ ಕಷ್ಟ ನ್ಯಾಯವಾದುದು?

ಪ್ರಶ್ನೆ (ವಿದ್ಯಾಗಿರಿ, ಧಾರವಾಡ):
2011ರ ಡಾರ್ಕ್ ಸೋಲ್ಸ್ ಎಂಬ ವಿಡಿಯೋ ಆಟದಲ್ಲಿ ಕಾಪ್ರಾ ಡೀಮನ್ ಎಂಬ ಬಾಸ್ (ಬಲಿಷ್ಠ ಮುಖ್ಯ ಶತ್ರು) ಎದುರು ಮೂರು ಸಂಜೆಗಳಿಂದ ಸೋಲುತ್ತಿದ್ದೇನೆ. ಇಕ್ಕಟ್ಟಾದ ಆ ಜಾಗಕ್ಕೆ ಕಾಲಿಟ್ಟೊಡನೆ ಎರಡು ನಾಯಿಗಳು ಮೈಮೇಲೆ ಎರಗುತ್ತವೆ, ಆಟದ ದೃಶ್ಯ ತೋರಿಸುವ ಕ್ಯಾಮೆರಾ ಗೋಡೆಗೆ ಸಿಲುಕಿ ಏನೂ ಕಾಣದಾಗುತ್ತದೆ. ಇದನ್ನು ಒಳ್ಳೆಯ ವಿನ್ಯಾಸವೆಂದು ಹೇಗೆ ಒಪ್ಪುವುದು?

ಉತ್ತರ (ಗದಗ):
ಇಲ್ಲಿ ನಿಜವಾದ ಪರೀಕ್ಷೆ ನಾಯಿಗಳದ್ದೇ. ಮೊದಲು ಮೆಟ್ಟಿಲೇರಿ, ಹಿಂದೆ ಬರುವ ನಾಯಿಗಳನ್ನು ಅಲ್ಲಿಯೇ ಮುಗಿಸಿ, ಬಳಿಕ ಮೇಲಿನಿಂದ ಧುಮುಕಿ ಡೀಮನ್‌ಗೆ ಹೊಡೆಯಿರಿ. ಶತ್ರುವಿನ ಆಯುಷ್ಯವನ್ನು ಸುಮ್ಮನೆ ಹೆಚ್ಚಿಸುವುದಕ್ಕಿಂತ, ಒಂಟಿಯಾಗಿದ್ದರೆ ಸುಲಭವಾಗುತ್ತಿದ್ದ ಶತ್ರುಗಳನ್ನು ಇಕ್ಕಟ್ಟಿನಲ್ಲಿ ಜೊತೆಗೂಡಿಸಿ, ಮೊದಲು ಯಾರನ್ನು ಎದುರಿಸಬೇಕೆಂದು ಆಟಗಾರನನ್ನು ಯೋಚನೆಗೆ ಹಚ್ಚುವುದು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಉತ್ತರ (ಹಳೇ ಹುಬ್ಬಳ್ಳಿ):
ಮೆಟ್ಟಿಲಿನ ಉಪಾಯ ಸರಿಯೇ, ಆದರೆ ಕ್ಯಾಮೆರಾದ ದೋಷವನ್ನು ಕಷ್ಟದ ಲೆಕ್ಕಕ್ಕೆ ಸೇರಿಸಬಾರದು. 2022ರ ಎಲ್ಡನ್ ರಿಂಗ್ ಆಟದ ಬಾಸ್ ಮಾರ್ಗಿಟ್‌ನನ್ನು ನೋಡಿ: ಅವನು ಎತ್ತಿದ ಕೋಲನ್ನು ಕ್ಷಣಕಾಲ ತಡೆಹಿಡಿದು, ತಪ್ಪಿಸಿಕೊಳ್ಳಲು ಆತುರದಿಂದ ಉರುಳಿದವನಿಗೆ ಏಟು ಕೊಡುತ್ತಾನೆ. ಗರಡಿಯಲ್ಲಿ ಎದುರಾಳಿಯ ಪಟ್ಟನ್ನು ಕಾದು ನೋಡುವ ಹಾಗೆ ಅವನ ಚಲನೆಯನ್ನು ಓದಬೇಕು, ಓದಲು ಬೇಕಾದುದೆಲ್ಲ ಕಣ್ಣೆದುರಿಗೇ ಇರುತ್ತದೆ.

ಉತ್ತರ (ಹಾವೇರಿ):
ಸೋತ ಮೇಲೆ ಎಷ್ಟು ದೂರ ಮರಳಿ ನಡೆಯಬೇಕೆಂಬುದೂ ಮುಖ್ಯ. ಎಲ್ಡನ್ ರಿಂಗ್‌ನಲ್ಲಿ ಅನೇಕ ಬಾಸ್‌ಗಳ ಸಮೀಪದಲ್ಲೇ ಮತ್ತೆ ಜೀವ ತಳೆಯಬಹುದಾದ್ದರಿಂದ, ಹೋರಾಟ ಕಠಿಣವಾಗಿದ್ದರೂ ಕಲಿಕೆಯ ಓಘ ಮುರಿಯುವುದಿಲ್ಲ.