ರೇಡಿಯೋದ ಇಮೇಜ್, ಎಕ್ಸ್‌ರೇ ಕೋಣೆಯ ರಿಜೆಕ್ಟ್: ಈ ವಾರದ ಪ್ರಶ್ನೋತ್ತರ

ಈ ವಾರದ ವಿಷಯ ಇಮೇಜ್ ರಿಜೆಕ್ಷನ್, ಅಂದರೆ ರೇಡಿಯೋದಲ್ಲಿ ಒಂದು ಸ್ಟೇಷನ್ನಿನ ಸುಳ್ಳು ನೆರಳನ್ನು ತಡೆಯುವುದು. ಉತ್ತರಿಸುತ್ತಿರುವವರು ರಿಸೀವರ್ ವಿನ್ಯಾಸದಲ್ಲಿ ಕೆಲಸ ಮಾಡುವ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಎಂಜಿನಿಯರ್. ಹವ್ಯಾಸಿ ರೇಡಿಯೋ ಪರವಾನಗಿಯೂ ಇದೆ. ಕೊನೆಯ ಪ್ರಶ್ನೆಗೆ ಗುಂಪಿನ ರೇಡಿಯೋಗ್ರಾಫರ್ ಮೇಡಂ ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ (ಧಾರವಾಡದಿಂದ): ಸರ್, ನಮಸ್ಕಾರ್ರಿ. ನಮ್ಮಪ್ಪಾರ ಕಾಲದ ಎರಡು ಬ್ಯಾಂಡಿನ ಟ್ರಾನ್ಸಿಸ್ಟರ್ ಒಂದು ಮನ್ಯಾಗ ಐತ್ರಿ. ಮೀಡಿಯಂ ವೇವ್‌ನ್ಯಾಗ ಏನೂ ತೊಂದ್ರಿ ಇಲ್ಲ, 765ರಾಗ ನಮ್ಮ ಧಾರವಾಡ ಆಕಾಶವಾಣಿ ಸ್ವಚ್ಛ ಕೇಳ್ತದ. ರಾತ್ರಿ ಶಾರ್ಟ್ ವೇವ್ ಹಚ್ಚಿದ್ರ ಒಂದ ಸ್ಟೇಷನ್ ಡಯಲ್ ಮ್ಯಾಲೆ ಎರಡು ಕಡೆ ಬರ್ತದ್ರಿ. 9.9ರ ಹತ್ರ ಜೋರಾಗಿ, 9ಕ್ಕಿಂತ ಒಂಚೂರು ಕೆಳಗ ಮೆತ್ತಗ. ಅವರ ಎರಡು ಕಡೆ ಬಿಡ್ತಾರೇನು, ಇಲ್ಲಾ ರೇಡಿಯೋ ಕೆಟ್ಟೈತೇನ್ರಿ? ರಿಪೇರಿಯವ್ರು ‘ಇಮೇಜ್ ಬರಾಕತ್ತೈತಿ, ಬಿಡ್ರಿ’ ಅಂದ್ರು. ಇಮೇಜ್ ಅಂದ್ರ ಚಿತ್ರ ಅಲ್ಲೇನ್ರಿ?

ಉತ್ತರ: ರಿಪೇರಿಯವರು ಕಾಯಿಲೆ ಸರಿಯಾಗೇ ಹಿಡಿದಿದ್ದಾರೆ. ‘ಬಿಡ್ರಿ’ ಅಂದದ್ದನ್ನು ಮಾತ್ರ ನಾನು ಒಪ್ಪಲ್ಲ, ಇದನ್ನು ಕಡಿಮೆ ಮಾಡಬಹುದು. ಇಲ್ಲಿ ಇಮೇಜ್ ಅಂದರೆ ಚಿತ್ರವಲ್ಲ, ಒಂದು ಸ್ಟೇಷನ್ನಿನ ಸುಳ್ಳು ನೆರಳು.

ನಿಮ್ಮ ರೇಡಿಯೋ ಸೂಪರ್‌ಹೆಟ್ ಜಾತಿಯದು. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಎಡ್ವಿನ್ ಆರ್ಮ್‌ಸ್ಟ್ರಾಂಗ್ ಪ್ಯಾರಿಸ್ಸಿನಲ್ಲಿದ್ದಾಗ ರೂಪಿಸಿದ ಪದ್ಧತಿ ಇದು. ಫ್ರಾನ್ಸಿನ ಲೂಸಿಯನ್ ಲೆವಿಯೂ ಅದೇ ಹೊತ್ತಿಗೆ ಇದೇ ದಾರಿಯಲ್ಲಿದ್ದರು. ಆಂಟೆನಾಕ್ಕೆ ಬಂದ ಸ್ಟೇಷನ್ನನ್ನು ಇದ್ದ ಫ್ರೀಕ್ವೆನ್ಸಿಯಲ್ಲೇ ಹಿಗ್ಗಿಸುವ ಬದಲು, ರೇಡಿಯೋದೊಳಗೇ ಒಂದು ಆಸಿಲೇಟರ್ (ತನ್ನದೇ ತರಂಗ ಹುಟ್ಟಿಸುವ ಭಾಗ) ಓಡಿಸಿ, ಎರಡನ್ನೂ ಮಿಕ್ಸರ್‌ನಲ್ಲಿ ಬೆರೆಸಿ, ಅವುಗಳ ವ್ಯತ್ಯಾಸವನ್ನು ತೆಗೆದುಕೊಳ್ಳುವುದು ಇದರ ಉಪಾಯ. ಆ ವ್ಯತ್ಯಾಸ ಯಾವಾಗಲೂ ಒಂದೇ ಇರುತ್ತದೆ, ನಿಮ್ಮ ಸೆಟ್ಟಿನಲ್ಲಿ 455 ಕಿಲೋಹರ್ಟ್ಸ್. ಇದಕ್ಕೆ ಐಎಫ್ (ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿ) ಅನ್ನುತ್ತೇವೆ. ನಾಬ್ ತಿರುಗಿಸಿದಾಗ ಬದಲಾಗುವುದು ಆಸಿಲೇಟರ್. ಐಎಫ್ ಭಾಗ ತನ್ನ ಜಾಗದಲ್ಲೇ ಕೂತು ಚೆನ್ನಾಗಿ ಸೋಸುತ್ತದೆ.

ತೊಂದರೆ ಇರುವುದು ‘ವ್ಯತ್ಯಾಸ’ದಲ್ಲಿ. ನಿಮ್ಮದೇ ಲೆಕ್ಕ ಹಾಕೋಣ. ನಿಮ್ಮ 9.9 ಮೆಗಾಹರ್ಟ್ಸ್ ಅಂದರೆ 9,900 ಕಿಲೋಹರ್ಟ್ಸ್. ಡಯಲ್ ಅಲ್ಲಿದ್ದರೆ ಆಸಿಲೇಟರ್ 10,355ರಲ್ಲಿ ಓಡುತ್ತಿರುತ್ತದೆ. ಕಳೆದರೆ 455, ಸ್ಟೇಷನ್ ಬಂತು. ಡಯಲನ್ನು 8,990ಕ್ಕೆ ಇಳಿಸಿ, ಆಸಿಲೇಟರ್ 9,445ಕ್ಕೆ ಬರುತ್ತದೆ. ಈಗ 9,900ರ ಸ್ಟೇಷನ್ ಆಸಿಲೇಟರ್‌ಗಿಂತ 455 ಮೇಲಿದೆ! ಮಿಕ್ಸರ್‌ಗೆ ಮೇಲಿನದೋ ಕೆಳಗಿನದೋ ಗೊತ್ತಾಗುವುದಿಲ್ಲ, ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಎರಡು ಜಾಗಗಳ ನಡುವಿನ ಅಂತರ ಐಎಫ್‌ನ ಎರಡರಷ್ಟು, ಅಂದರೆ 910. ‘9.9ರಲ್ಲಿ ಜೋರು, 9ಕ್ಕಿಂತ ಒಂಚೂರು ಕೆಳಗೆ ಮೆತ್ತಗೆ’ ಅಂತ ಬರೆದಿರಲ್ಲ, ಅದನ್ನು ಓದಿದ ತಕ್ಷಣ ನನಗೆ ಖಾತ್ರಿಯಾಯಿತು.

ಒಮ್ಮೆ 455 ಆಗಿ ಬಂದ ಮೇಲೆ ಅಸಲಿ ಯಾವುದು, ಇಮೇಜ್ ಯಾವುದು ಅಂತ ಐಎಫ್ ಫಿಲ್ಟರ್ ಬೇರ್ಪಡಿಸಲಾರದು. ಹಾಲಿಗೆ ನೀರು ಬೆರೆತ ಮೇಲೆ ಸೋಸಣಿಗೆಯಲ್ಲಿ ಸೋಸಿದರೆ ನೀರು ಬೇರೆಯಾಗುತ್ತದೆಯೇ? ತಡೆಯುವುದಿದ್ದರೆ ಮಿಕ್ಸರ್‌ಗಿಂತ ಮೊದಲೇ ತಡೆಯಬೇಕು. ಆ ತಡೆಯುವ ಶಕ್ತಿಗೇ ಇಮೇಜ್ ರಿಜೆಕ್ಷನ್ ಅನ್ನುವುದು, ಡೆಸಿಬೆಲ್‌ನಲ್ಲಿ (ಡಿಬಿ) ಅಳೆಯುತ್ತೇವೆ, ಹೆಚ್ಚಿದ್ದಷ್ಟೂ ಒಳ್ಳೆಯದು. ನಿಮ್ಮ ಸೆಟ್ಟಿನಲ್ಲಿ ಆ ಕೆಲಸ ಮಾಡುತ್ತಿರುವುದು ಆಂಟೆನಾ ಕಾಯಿಲ್ ಮತ್ತು ಗ್ಯಾಂಗ್ ಕಂಡೆನ್ಸರಿನ (ನಾಬಿನ ಜತೆ ತಿರುಗುವ ಜೋಡಿ ಕಂಡೆನ್ಸರ್) ಒಂದು ಭಾಗ, ಅಷ್ಟೇ.

ಹಾಗಿದ್ದರೆ ಮೀಡಿಯಂ ವೇವ್ ಯಾಕೆ ಸ್ವಚ್ಛ? 765ಕ್ಕೆ 910 ಕೂಡಿಸಿದರೆ 1,675. ನಮ್ಮ ಮೀಡಿಯಂ ವೇವ್ ಬ್ಯಾಂಡೇ 1,602ಕ್ಕೆ ಮುಗಿಯುತ್ತದೆ, ಅಲ್ಲಿ ಸ್ಟೇಷನ್ನೇ ಇಲ್ಲ. ಇದ್ದಿದ್ದರೂ, ಕಾಯಿಲಿನ ಕ್ಯೂ (ಎಷ್ಟು ಚೂಪಾಗಿ ಆರಿಸುತ್ತದೆ ಅನ್ನುವ ಅಳತೆ) 50 ಅಂತ ಹಿಡಿದರೆ, ಅದಕ್ಕೆ 39 ಡಿಬಿ ಪೆಟ್ಟು ಬೀಳುತ್ತಿತ್ತು. ಅದೇ ಕ್ಯೂ ಇರುವ ಕಾಯಿಲ್ 8,990ರಲ್ಲಿ ಕೊಡುವುದು ಸುಮಾರು 20 ಡಿಬಿ, 15 ಮೆಗಾಹರ್ಟ್ಸ್‌ಗೆ ಹೋದರೆ ಬರೀ 15. 765ಕ್ಕೆ 910 ದೊಡ್ಡ ದೂರ, 9,000ಕ್ಕೆ ಅದೇ 910 ಪಕ್ಕದ ಓಣಿ. ಹಾಗಾಗಿ ಶಾರ್ಟ್ ವೇವ್‌ನಲ್ಲಿ ಮೇಲಕ್ಕೆ ಹೋದಷ್ಟೂ ಇಮೇಜ್ ಕಾಟ ಜಾಸ್ತಿ.

ಒಂದು ಪರೀಕ್ಷೆ ಮಾಡಿ ನೋಡಿ. ಆ ಮೆತ್ತಗಿನ ಜಾಗದಲ್ಲಿ ಬೇರೊಂದು ಸ್ಟೇಷನ್ ಬಂದು ಸಿಳ್ಳೆ ಹುಟ್ಟಿದರೆ ನಾಬನ್ನು ಕೂದಲೆಳೆಯಷ್ಟು ಅತ್ತಿತ್ತ ಆಡಿಸಿ. ಸಿಳ್ಳೆಯ ಸ್ವರ ಏರಿಳಿದರೆ ಅದು ಇಮೇಜ್, ಯಾಕಂದರೆ ಅಸಲಿ ಸ್ಟೇಷನ್ ಒಂದು ಕಡೆ ಸರಿದರೆ ಇಮೇಜ್ ಎದುರು ದಿಕ್ಕಿಗೆ ಸರಿಯುತ್ತದೆ. ಸ್ವರ ಬದಲಾಗದೆ ಬರೀ ಜೋರು–ಮೆತ್ತಗೆ ಆದರೆ, ಎರಡು ಸ್ಟೇಷನ್‌ಗಳು ಆಕಾಶದಲ್ಲೇ ಅಕ್ಕಪಕ್ಕ ಕೂತಿವೆ, ನಿಮ್ಮ ರೇಡಿಯೋದ ತಪ್ಪಿಲ್ಲ.

ಅದೇ ಸದಸ್ಯರು: ತಿಳೀತ್ರಿ ಸರ್. ಕಡಿಮಿ ಮಾಡಬಹುದು ಅಂದ್ರಿ, ಹೆಂಗ್ರಿ?

ಉತ್ತರ: ಹಳೆಯ ಸೆಟ್‌ಗಳಲ್ಲಿ ಆಂಟೆನಾ ಕಡೆಯ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಕಂಡೆನ್ಸರ್) ಇದ್ದ ಜಾಗದಿಂದ ಕದಲಿರುತ್ತದೆ. ಬ್ಯಾಂಡಿನ ಮೇಲ್ತುದಿಯಲ್ಲಿ ಒಂದು ಕ್ಷೀಣ ಸ್ಟೇಷನ್ ಹಿಡಿದು ಶಾರ್ಟ್ ವೇವ್ ಆಂಟೆನಾ ಟ್ರಿಮ್ಮರ್‌ನಲ್ಲಿ ಗರಿಷ್ಠ ಮಾಡಿ, ಕೆಳತುದಿಯಲ್ಲಿ ಕಾಯಿಲಿನ ತಿರುಳು ತಿರುಗಿಸಿ ಗರಿಷ್ಠ ಮಾಡಿ. ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ, ಅದಕ್ಕೇ ಎರಡನ್ನೂ ಮತ್ತೆ ಮತ್ತೆ ಮಾಡಬೇಕು. ಪ್ಲಾಸ್ಟಿಕ್ ಸ್ಕ್ರೂಡ್ರೈವರೇ ಬಳಸಿ.

ಆಸಿಲೇಟರ್ ಟ್ರಿಮ್ಮರ್ ಮುಟ್ಟುವವರಿಗೆ ಒಂದು ಎಚ್ಚರಿಕೆ. ಶಾರ್ಟ್ ವೇವ್ ಮೇಲ್ತುದಿಯಲ್ಲಿ ಅದನ್ನು ತಿರುಗಿಸುವಾಗ ಒಂದೇ ಸ್ಟೇಷನ್ ಎರಡು ಕಡೆ ಸಿಗುತ್ತದೆ. ಕೆಪ್ಯಾಸಿಟಿ ಕಡಿಮೆ ಇರುವ, ಅಂದರೆ ಟ್ರಿಮ್ಮರ್ ಹೆಚ್ಚು ಬಿಚ್ಚಿರುವ ಜಾಗವೇ ಸರಿ. ಇನ್ನೊಂದನ್ನು ಹಿಡಿದು ಬಿಟ್ಟರೆ ಇಡೀ ರೇಡಿಯೋ ಇಮೇಜಿಗೇ ಹೊಂದಿಕೊಂಡು ಕೂರುತ್ತದೆ, ಆಮೇಲೆ ಏನು ಮಾಡಿದರೂ ಟ್ರ್ಯಾಕಿಂಗ್, ಅಂದರೆ ಆಂಟೆನಾ ಕಾಯಿಲ್ ಮತ್ತು ಆಸಿಲೇಟರ್ ಜತೆಜತೆಗೆ ಸರಿಯುವುದು, ಕೂಡುವುದಿಲ್ಲ. ಉದ್ದ ತಂತಿ ಆಂಟೆನಾ ಕಟ್ಟಿದ್ದರೆ ಬಿಚ್ಚಿ, ಕೊಳವೆ ಆಂಟೆನಾದಲ್ಲೇ ಕೇಳಿ. ಇದಕ್ಕಿಂತ ಮುಂದೆ ಈ ಸೆಟ್ಟಿನಿಂದ ನಿರೀಕ್ಷೆ ಬೇಡ. ಒಳ್ಳೆಯ ದರ್ಜೆಯ ಸೆಟ್‌ಗಳು ಮೊದಲ ಐಎಫನ್ನೇ 45 ಅಥವಾ 55 ಮೆಗಾಹರ್ಟ್ಸ್ ಆಸುಪಾಸಿಗೆ ಏರಿಸಿ, ಆಮೇಲೆ 455ಕ್ಕೆ ಇಳಿಸುತ್ತವೆ. ಆಗ ಇಮೇಜ್ 90 ಮೆಗಾಹರ್ಟ್ಸ್ ಆಚೆಗೆ ಓಡಿಹೋಗುತ್ತದೆ.

ಪ್ರಶ್ನೆ (ದೇವನಹಳ್ಳಿ ಕಡೆಯಿಂದ): ಸರ್, ಹಾಗಾದ್ರೆ ಎಫ್ಎಂನಲ್ಲೂ ಹೀಗಾಗತ್ತಾ? ನಮ್ಮ ಅಂಗಡೀಲಿರೋ ಅಗ್ಗದ ಪಾಕೆಟ್ ರೇಡಿಯೋದಲ್ಲಿ ಹಾಡಿನ ಮಧ್ಯೆ ಯಾರೋ ಇಂಗ್ಲಿಷಲ್ಲಿ ನಂಬರ್ ಹೇಳ್ತಾರೆ. ಪೈಲಟ್ ಇರಬಹುದಾ?

ಉತ್ತರ: ಇರಬಹುದು. ಎಫ್ಎಂ ಸೆಟ್‌ಗಳ ರೂಢಿಯ ಐಎಫ್ 10.7 ಮೆಗಾಹರ್ಟ್ಸ್, ಆದ್ದರಿಂದ ಇಮೇಜ್ 21.4 ದೂರದಲ್ಲಿ. ಈ ಸಂಖ್ಯೆ ಬೇಕೆಂದೇ ಆರಿಸಿದ್ದು: 87.5ರಿಂದ 108ರವರೆಗಿನ ಬ್ಯಾಂಡಿನ ಅಗಲ 20.5, ಹಾಗಾಗಿ ಒಂದು ಎಫ್ಎಂ ಸ್ಟೇಷನ್ ಇನ್ನೊಂದಕ್ಕೆ ಇಮೇಜ್ ಆಗಲಾರದು. ಆದರೆ 108ರಿಂದ ಆಚೆಗೆ ವಿಮಾನಗಳ ಬ್ಯಾಂಡ್ ಶುರುವಾಗುತ್ತದೆ, ಅದರಲ್ಲಿ 118ರಿಂದ 137 ಪೈಲಟ್ ಮತ್ತು ಟವರ್ ಮಾತುಕತೆಗೆ ಮೀಸಲು. ಡಯಲ್ 98.6ರಲ್ಲಿದ್ದರೆ ಇಮೇಜ್ ಸರಿಯಾಗಿ 120.0ಯಲ್ಲಿ. ಅವರು ಮಾತಾಡುವುದು ಎಎಂನಲ್ಲಿ, ನಿಮ್ಮದು ಎಫ್ಎಂ ಸೆಟ್, ಅದಕ್ಕೇ ಧ್ವನಿ ಒಡೆದು ಕೇಳುತ್ತದೆ. ಮೇಲೆ ಹಾರುವ ವಿಮಾನಕ್ಕೂ ನಿಮಗೂ ನಡುವೆ ಅಡ್ಡ ಏನೂ ಇಲ್ಲ, ಅದರ ಸಿಗ್ನಲ್ ಬಲವಾಗಿಯೇ ಬರುತ್ತದೆ.

ಇದರ ಇನ್ನೊಂದು ಮುಖ ಗಂಭೀರವಾದದ್ದು. ಇಂಥ ಸೆಟ್ಟಿನ ಆಸಿಲೇಟರ್ 98.2ರಿಂದ 118.7ರವರೆಗೆ ಓಡುತ್ತದೆ. ವಿಮಾನಕ್ಕೆ ದಿಕ್ಕು ತೋರಿಸುವ ಸಂಕೇತಗಳು 108ರಿಂದ 118ರಲ್ಲಿವೆ. ವಿಮಾನದೊಳಗೆ ಎಫ್ಎಂ ರೇಡಿಯೋ ಹಚ್ಚಬೇಡಿ ಅನ್ನುವುದಕ್ಕೆ ಕಾರಣ ಇದು, ದಯವಿಟ್ಟು ಪಾಲಿಸಿ.

ಪ್ರಶ್ನೆ (ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ, ತುಮಕೂರು): ಸರ್, ನಮ್ಮ ಪ್ರಾಜೆಕ್ಟ್‌ನಲ್ಲಿ ಹಾರ್ಟ್ಲಿ ಪದ್ಧತಿಯ ಇಮೇಜ್ ರಿಜೆಕ್ಟ್ ಮಿಕ್ಸರ್ ಮಾಡ್ತಿದ್ದೀವಿ. ಪುಸ್ತಕದಲ್ಲಿ ಇಮೇಜ್ ಪೂರ್ತಿ ರದ್ದಾಗುತ್ತೆ ಅಂತಿದೆ. ನಮಗೆ 30 ಡಿಬಿ ದಾಟ್ತಾನೇ ಇಲ್ಲ.

ಉತ್ತರ: ಪುಟ್ಟಾ, 30 ಬಂದಿದ್ದರೆ ಬೋರ್ಡ್ ಚೆನ್ನಾಗಿಯೇ ಮಾಡಿದ್ದೀರಿ. ನಾನು ಮೇಲೆ ‘ಮಿಕ್ಸರ್‌ಗಿಂತ ಮೊದಲೇ ತಡೆಯಬೇಕು’ ಅಂದೆನಲ್ಲ, ಅದು ಒಂದೇ ಮಿಕ್ಸರ್ ಇದ್ದಾಗ. ನಿಮ್ಮದರಲ್ಲಿ ಎರಡು ಮಿಕ್ಸರ್‌ಗಳಿವೆ, ಆಸಿಲೇಟರ್ ಅವುಗಳಿಗೆ 90 ಡಿಗ್ರಿ ಅಂತರದಲ್ಲಿ ಹೋಗುತ್ತದೆ, ಆ ಅಂತರದಲ್ಲೇ ಮೇಲಿನದೋ ಕೆಳಗಿನದೋ ಅನ್ನುವ ಗುರುತು ಉಳಿದಿರುತ್ತದೆ. ಆಮೇಲೆ ಇನ್ನೊಂದು 90 ಕೊಟ್ಟು ಕೂಡಿಸಿದಾಗ ಬೇಕಾದದ್ದು ಇಮ್ಮಡಿಯಾಗುತ್ತದೆ, ಇಮೇಜ್ ತನ್ನನ್ನೇ ಹೊಡೆದುಹಾಕಿಕೊಳ್ಳುತ್ತದೆ.

ಪೂರ್ತಿ ಹೊಡೆದುಹಾಕಬೇಕಾದರೆ ಎರಡು ದಾರಿಗಳೂ ತದ್ರೂಪ ಇರಬೇಕು. 90ರ ಬದಲು 91 ಡಿಗ್ರಿ ಇದ್ದರೆ ಸಾಕು, ರಿಜೆಕ್ಷನ್ 41 ಡಿಬಿಗೆ ನಿಲ್ಲುತ್ತದೆ. ಅದರ ಜತೆ ಗೇನ್‌ನಲ್ಲಿ (ಹಿಗ್ಗಿಸುವ ಪ್ರಮಾಣ) ಶೇ. 1 ವ್ಯತ್ಯಾಸ ಸೇರಿದರೆ 40. ನಿಮ್ಮ 30 ಡಿಬಿ ಅಂದರೆ ಒಟ್ಟು ತಪ್ಪು ಸುಮಾರು ಮೂರೂವರೆ ಡಿಗ್ರಿಗೆ ಸಮ. ಮೊದಲು ಆ 90 ಡಿಗ್ರಿ ಕೊಡುವ ರೆಸಿಸ್ಟರ್–ಕೆಪ್ಯಾಸಿಟರ್ ಫೇಸ್ ಶಿಫ್ಟರ್ ಅಳೆಯಿರಿ. ಶೇ. 5 ಟಾಲರೆನ್ಸ್ ಬಿಡಿಭಾಗ ಹಾಕಿದ್ದರೆ ಶೇ. 1ರದು ಹಾಕಿ, ಒಂದು ಪ್ರೀಸೆಟ್‌ನಲ್ಲಿ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಗೇನ್ ಸರಿದೂಗಿಸಿ. ಆ ಶಿಫ್ಟರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಸರಿಯಾಗಿರುತ್ತದೆ, ಪಕ್ಕಕ್ಕೆ ಹೋದರೆ ಕೆಡುತ್ತದೆ. ಅದನ್ನು ಬೇಡವೆಂದೇ ವೀವರ್ ಎಂಬ ಎಂಜಿನಿಯರ್ 1956ರಲ್ಲಿ ಎರಡನೇ ಜೋಡಿ ಮಿಕ್ಸರ್‌ಗಳ ದಾರಿ ತೋರಿಸಿದ್ದು. ಈಗಿನ ಚಿಪ್‌ಗಳು ಈ ತಪ್ಪನ್ನು ಅಳೆದು ಡಿಜಿಟಲ್‌ನಲ್ಲಿ ತಿದ್ದಿಕೊಳ್ಳುತ್ತವೆ. ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೋ) ಪರದೆಯಲ್ಲಿ ನಡುಗೆರೆಯ ಆಚೆ ಈಚೆ ಒಂದೇ ಸಿಗ್ನಲ್ ಎರಡು ಸಲ ಕಂಡರೆ ಅದೂ ಇದೇ ಕಾಯಿಲೆ. ವರದಿಯಲ್ಲಿ 30 ಅಂತಲೇ ಬರೆಯಿರಿ, ಕಾರಣದ ಲೆಕ್ಕ ಜತೆಗಿಡಿ. ನಾನು ಪರೀಕ್ಷಕನಾಗಿದ್ದರೆ 60 ಅಂತ ಬರೆದವರಿಗಿಂತ ನಿಮಗೆ ಹೆಚ್ಚು ಅಂಕ ಕೊಡುತ್ತಿದ್ದೆ.

ಪ್ರಶ್ನೆ (ಮೈಸೂರಿನಿಂದ): ಇದು ರೇಡಿಯೋ ಚರ್ಚೆ ಅಂತ ಗೊತ್ತಿಲ್ಲದೆ ಶೀರ್ಷಿಕೆ ನೋಡಿ ಬಂದೆ, ಕ್ಷಮಿಸಿ. ನಮ್ಮ ಅಮ್ಮನಿಗೆ ಎದೆ ಎಕ್ಸ್‌ರೇ ತೆಗೆಯುವಾಗ ಒಂದು ಸಲ ತೆಗೆದು, ಪರದೆಯಲ್ಲಿ ‘ರಿಜೆಕ್ಟ್’ ಒತ್ತಿ, ಮತ್ತೆ ತೆಗೆದರು. ಸುಮ್ಮಸುಮ್ಮನೆ ಎರಡು ಸಲ ವಿಕಿರಣ ಬಿತ್ತಲ್ಲ ಅಂತ ಅಮ್ಮ ಕೊರಗುತ್ತಿದ್ದಾರೆ. ಯಾಕೆ ಹಾಗೆ ಮಾಡ್ತಾರೆ?

ಆರ್‌ಎಫ್ ಎಂಜಿನಿಯರ್: ಇದು ನನ್ನ ಕ್ಷೇತ್ರ ಅಲ್ಲಮ್ಮ. ರೇಡಿಯೋಗ್ರಾಫರ್ ಮೇಡಂ, ನೀವೇ ಹೇಳಿ.

ರೇಡಿಯೋಗ್ರಾಫರ್: ಕ್ಷಮೆ ಯಾಕೆ, ಕೇಳಿದ್ದು ಒಳ್ಳೆಯದಾಯಿತು. ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ಒಂದು ಎದೆ ಎಕ್ಸ್‌ರೇಯ ಡೋಸ್ ಸುಮಾರು 0.02 ಮಿಲಿಸೀವರ್ಟ್. ನೆಲದಿಂದ, ಗಾಳಿಯಿಂದ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ತಾನಾಗಿ ಬರುವುದು ಜಗತ್ತಿನ ಸರಾಸರಿಯಲ್ಲಿ 2.4. ಎರಡು ಎಕ್ಸ್‌ರೇ ಸೇರಿದರೂ ಒಂದು ವಾರದಲ್ಲಿ ತಾನಾಗಿ ಬರುವಷ್ಟಾಗುತ್ತದೆ.

ಆದರೂ ಮತ್ತೆ ತೆಗೆಯುವುದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ರಿಜೆಕ್ಟ್ ಗುಂಡಿ ಒತ್ತಿದಾಗ ಯಂತ್ರ ಕಾರಣ ಕೇಳುತ್ತದೆ: ಭಂಗಿ ಸರಿಯಿಲ್ಲ, ಅಲುಗಾಟ, ಎಕ್ಸ್‌ಪೋಶರ್, ಒಡವೆ. ತಿಂಗಳ ಕೊನೆಗೆ ಎಷ್ಟು ತೆಗೆದೆವು, ಎಷ್ಟು ಬಿಟ್ಟೆವು, ಯಾಕೆ ಅಂತ ಲೆಕ್ಕ ನೋಡುವುದು ನಮ್ಮ ಕೆಲಸದ ಮುಖ್ಯ ಭಾಗ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ ಸಲಹೆಯಂತೆ ರಿಜೆಕ್ಟ್ ಶೇ. 8ರ ಆಸುಪಾಸಿನಲ್ಲಿರಬೇಕು, ಶೇ. 10 ದಾಟಿದರೆ ಕಾರಣ ಹುಡುಕಬೇಕು. ತೀರಾ ಕಡಿಮೆ ಇದ್ದರೂ ನನಗೆ ಅನುಮಾನ, ಮಸುಕಾದ ಚಿತ್ರಗಳನ್ನೇ ಡಾಕ್ಟರಿಗೆ ಕಳಿಸುತ್ತಿದ್ದೇವೇನೋ ಅಂತ. ಫಿಲ್ಮ್ ಕಾಲದಲ್ಲಿ ಕಪ್ಪಾಯಿತು, ಬಿಳಿಯಾಯಿತು ಅನ್ನುವುದೇ ದೊಡ್ಡ ಕಾರಣ. ಡಿಜಿಟಲ್ ಬಂದ ಮೇಲೆ ಭಂಗಿಯದೇ ಹೆಚ್ಚು.

ಅಮ್ಮನದು ಯಾಕೆ ಬಿಟ್ಟರೋ ನಾನು ನೋಡಿಲ್ಲ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು: ಉಸಿರು ಪೂರ್ತಿ ಎಳೆದುಕೊಳ್ಳಲು ಆಗುವುದಿಲ್ಲ, ಶ್ವಾಸಕೋಶದ ಕೆಳಭಾಗ ಮುದುಡಿ ನ್ಯುಮೋನಿಯಾ ಇದ್ದಂತೆ ಕಾಣುತ್ತದೆ. ಬೆನ್ನಿನ ಕಡೆಯ 9–10 ಪಕ್ಕೆಲುಬು ಎಣಿಸಲು ಬರಬೇಕು. ಸ್ವಲ್ಪ ಓರೆ ನಿಂತರೆ ಎರಡು ಕಾಲರ್ ಮೂಳೆಗಳು ಸಮ ಬೀಳದೆ ಹೃದಯ ದೊಡ್ಡದಾದಂತೆ ಕಾಣುತ್ತದೆ. ಹೆಣ್ಣುಮಕ್ಕಳಲ್ಲಿ ಎದೆಯ ಮೇಲೆ ಬಿದ್ದ ಜಡೆ ಶ್ವಾಸಕೋಶದ ತುದಿಯಲ್ಲಿ ಕಲೆಯಂತೆ ಮೂಡುತ್ತದೆ, ಕ್ಷಯ ಹುಡುಕುವುದೂ ಅದೇ ಜಾಗದಲ್ಲಿ. ಮಾಂಗಲ್ಯ ತೆಗೆಯಲು ಒಪ್ಪದವರಿಗೆ ನಾನು ಒತ್ತಾಯ ಮಾಡುವುದಿಲ್ಲ, ಸರವನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಲು ಹೇಳುತ್ತೇನೆ, ಎದೆಯ ಮೇಲಿಂದ ಸರಿದರೆ ಸಾಕು.

ಮುಂದಿನ ಸಲ ಹೋಗುವಾಗ ಲೋಹದ ಹುಕ್ಕು, ಜರಿ ಇಲ್ಲದ ಬಟ್ಟೆ ಹಾಕಿಸಿ, ಜಡೆ ಎತ್ತಿ ಕಟ್ಟಿ, ಉಸಿರು ಎಳೆದು ಹಿಡಿಯುವುದನ್ನು ಮನೆಯಲ್ಲೇ ಒಂದೆರಡು ಸಲ ಮಾಡಿಸಿ. ಕಿವಿ ಮಂದವಿದ್ದರೆ ಒಳಗೆ ಹೋಗುವ ಮೊದಲೇ ಹೇಳಿ. ‘ಉಸಿರು ಹಿಡೀರಿ’ ಅಂತ ನಾವು ಹೇಳುವುದು ಗಾಜಿನ ಈಚೆಯಿಂದ, ಎಷ್ಟೋ ಅಜ್ಜಿಯರಿಗೆ ಅದು ಕೇಳಿಸಿರುವುದೇ ಇಲ್ಲ. ಮತ್ತೆ ಯಾಕೆ ತೆಗೆದಿರಿ ಅಂತ ಅಲ್ಲೇ ಕೇಳಿ, ಹೇಳಬೇಕಾದದ್ದು ನಮ್ಮ ಕರ್ತವ್ಯ.