ಸ್ಕ್ರೀನ್ ಪ್ರಿಂಟ್ ಕೊಳ್ಳಲಾ, ರಟ್ಟಿನ ಮೇಲಿನ ಸ್ಕೆಚ್ ಕೊಳ್ಳಲಾ? ಬೀದಿ ಕಲಾವಿದರ ಕೃತಿ ಕೊಂಡು ಗೊತ್ತಿರುವವರು ಹೇಳಿ

ಖಾಲಿಗೋಡೆ:

ಎಲ್ಲರಿಗೂ ನಮಸ್ಕಾರ. ಗೋಡೆಗಳ ಮೇಲೆ ಚಿತ್ರ ಬರೆಯುವವರ ಕೆಲಸ ಅಂದ್ರೆ ನನಗೆ ಮೊದಲಿಂದಲೂ ಪ್ರಾಣ. ಸ್ಟೆನ್ಸಿಲ್ (ಆಕಾರ ಕತ್ತರಿಸಿದ ಹಾಳೆ ಇಟ್ಟು ಬಣ್ಣ ಹೊಡೆದ ಚಿತ್ರ), ಗ್ರಾಫಿಟಿ ಅಕ್ಷರ, ರಾತ್ರೋರಾತ್ರಿ ಅಂಟಿಸಿ ಹೋದ ಕಾಗದದ ಚಿತ್ರ, ಎಲ್ಲದರ ಮುಂದೆಯೂ ನಿಲ್ಲುವವಳು ನಾನು. ಈಗ ಅಂಥವರೊಬ್ಬರ ಕೈಯಿಂದಲೇ ಆದ ಒಂದು ಕೃತಿಯನ್ನು ಮನೆಗೆ ತರಬೇಕು ಅಂತ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಉಳಿಸಿದ್ದೇನೆ. ದೊಡ್ಡ ಮೊತ್ತವೇನಲ್ಲ, ಗ್ಯಾಲರಿಯವರು ತಿರುಗಿ ನೋಡುವಷ್ಟು ಇಲ್ಲ.

ನಾನು ಮೆಚ್ಚುವ ಕಲಾವಿದೆಯೊಬ್ಬರು ಹಕ್ಕಿಗಳ ಸ್ಟೆನ್ಸಿಲ್ ಮಾಡುತ್ತಾರೆ. ಅವರ ಹತ್ತಿರ ಸದ್ಯ ಎರಡು ಕೃತಿ ಮಾರಾಟಕ್ಕಿವೆ, ಬೆಲೆ ಹೆಚ್ಚುಕಡಿಮೆ ಒಂದೇ. ಒಂದು ಮೂರು ಬಣ್ಣದ ಸ್ಕ್ರೀನ್ ಪ್ರಿಂಟ್ (ಜಾಲರಿಯ ಮೂಲಕ ಬಣ್ಣ ಒತ್ತಿ ತೆಗೆದದ್ದು), ಕೆಳಗಡೆ ಪೆನ್ಸಿಲ್ ಸಹಿ, 34/80 ಅಂತ ನಂಬರ್. ಇನ್ನೊಂದು ರಟ್ಟಿನ ತುಂಡಿನ ಮೇಲೆ ಸ್ಪ್ರೇಯಲ್ಲಿ ಮಾಡಿದ ಮಿಂಚುಳ್ಳಿ, ದೊಡ್ಡ ಗೋಡೆಗೆ ಹೋಗುವ ಮುಂಚೆ ಮಾಡಿಕೊಂಡ ಸ್ಕೆಚ್ ಅಂತೆ. ಎಂಬತ್ತು ಜನರ ಹತ್ತಿರ ಇರುವುದನ್ನು ಒರಿಜಿನಲ್ ಅನ್ನಬಹುದಾ? ರಟ್ಟು ಎಷ್ಟು ವರ್ಷ ಬಾಳುತ್ತೆ? ಎರಡೂ ಕೊಳ್ಳುವ ಶಕ್ತಿ ಈಗ ಇಲ್ಲ.

ಚೌಕಟ್ಟು:

ಚಿತ್ರಗಳಿಗೆ ಫ್ರೇಮ್ ಹಾಕುವುದೇ ನನ್ನ ಕಸುಬು. ಎಲ್ಲರೂ ಚಿತ್ರದ ಮುಖ ನೋಡಿದರೆ, ನಾನು ಅದರ ಬೆನ್ನು, ಅಂಚು, ಕಾಗದದ ದಪ್ಪ ಇವನ್ನು ನೋಡಿದ್ದೇ ಹೆಚ್ಚು. ಆ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಪ್ರಿಂಟ್ ವಿಷಯ. ನಿಜವಾದ ಸ್ಕ್ರೀನ್ ಪ್ರಿಂಟ್ ಆಗಿದ್ದರೆ ಅದು ಒರಿಜಿನಲ್ಲೇ, ಅನುಮಾನ ಬೇಡ. ಅಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಜಾಲರಿ ಸಿದ್ಧ ಮಾಡಿ, ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದನ್ನು ಅದರ ಮೇಲೆ ಎಳೆಯಬೇಕು. ಕಲಾವಿದೆ ಯೋಚನೆ ಮಾಡಿದ್ದೇ ಆ ಮೂರು ಪದರಗಳಲ್ಲಿ. ಅದರ ಹಿಂದೆ ಇನ್ನೆಲ್ಲೋ ‘ಅಸಲಿ ಚಿತ್ರ’ ಅಂತ ಒಂದು ಕೂತಿರುವುದಿಲ್ಲ, ಆ ಎಂಬತ್ತು ಹಾಳೆಗಳೇ ಕೃತಿ. ಜಿಕ್ಲೀ ಅಂತ ಮಾರುವುದು ಬೇರೆ. ಸಾಮಾನ್ಯವಾಗಿ ಅದು ಇರುವ ಒಂದು ಚಿತ್ರವನ್ನು ಸ್ಕ್ಯಾನ್ ಮಾಡಿ, ಒಳ್ಳೆಯ ಇಂಕ್‌ಜೆಟ್ ಯಂತ್ರದಲ್ಲಿ ಒಳ್ಳೆಯ ಕಾಗದದ ಮೇಲೆ ತೆಗೆದ ಪ್ರತಿ. ನೋಡಲು ಚೆನ್ನಾಗಿರುತ್ತೆ, ಬಾಳಿಕೆಯೂ ಬರುತ್ತೆ, ಆದರೆ ಅದಕ್ಕೆ ಸ್ಕ್ರೀನ್ ಪ್ರಿಂಟಿನ ಬೆಲೆ ಕೊಡಬೇಡಿ.

ವ್ಯತ್ಯಾಸ ಗುರುತಿಸಲು ಒಂದು ಭೂತಗನ್ನಡಿ ಸಾಕು. ಇಂಕ್‌ಜೆಟ್ ಆದರೆ ಬಣ್ಣದೊಳಗೆ ನಾಲ್ಕಾರು ಬಣ್ಣದ ಧೂಳಿನಂಥ ಚುಕ್ಕೆಗಳು ಕಾಣುತ್ತವೆ. ಸ್ಕ್ರೀನ್ ಪ್ರಿಂಟಿನಲ್ಲಿ ಕೆಂಪು ಅಂದರೆ ಇಡೀ ಕೆಂಪೇ, ಅಂಚಿನವರೆಗೂ ಒಂದೇ ಸಮ. ಇನ್ನೊಂದು: ಹಾಳೆಯನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿದು, ಎರಡು ಬಣ್ಣ ಒಂದರ ಮೇಲೊಂದು ಬಂದ ಜಾಗ ನೋಡಿ. ಮೇಲಿನ ಬಣ್ಣ ಕೂದಲೆಳೆಯಷ್ಟು ಎದ್ದು ನಿಂತಿರುತ್ತೆ, ಅಂಚಿನಲ್ಲಿ ಬೆಳಕು ಸಿಕ್ಕಿಕೊಳ್ಳುತ್ತೆ. ಪೆನ್ಸಿಲ್ ಸಹಿಗೂ ಇದೇ ಪರೀಕ್ಷೆ. ಕೈಯಲ್ಲಿ ಬರೆದದ್ದಾದರೆ ಸೀಸ ಬೆಳ್ಳಗೆ ಮಿನುಗುತ್ತೆ, ಕಾಗದ ಸಣ್ಣಗೆ ತಗ್ಗಿರುತ್ತೆ. ಅಚ್ಚಾದ ಸಹಿ ಸತ್ತಂತೆ ಮಲಗಿರುತ್ತೆ.

34/80 ಅಂದರೆ ಎಂಬತ್ತರಲ್ಲಿ ಮೂವತ್ತನಾಲ್ಕನೆಯ ಹಾಳೆ. 1/80 ಬೇಕು ಅಂತ ಜನ ಹಟ ಹಿಡಿಯುತ್ತಾರೆ. ತಾಮ್ರದ ತಗಡನ್ನು ನೇರ ಸೂಜಿಯಲ್ಲಿ ಗೀರಿ ಮಾಡುವ ಡ್ರೈಪಾಯಿಂಟಿನಲ್ಲಿ ಆ ಹಟಕ್ಕೆ ಅರ್ಥ ಇದೆ, ಯಾಕೆಂದರೆ ಗೀರಿನ ಅಂಚು ಪ್ರತಿ ಒತ್ತಿಗೂ ಸವೆಯುತ್ತೆ. ಸ್ಕ್ರೀನ್ ಪ್ರಿಂಟಿನಲ್ಲಿ ಒಂದೂ ಎಂಬತ್ತೂ ಒಂದೇ. ಸಂಖ್ಯೆಗಿಂತ ಹಾಳೆಯ ಮೂಲೆ ಮಡಿದಿದೆಯೇ ನೋಡಿ.

ಇನ್ನು ರಟ್ಟು. ನನ್ನ ಮನಸ್ಸು ಹೋಗುವುದು ಅದರ ಕಡೆಗೇ. ಗೋಡೆಯ ಮುಂದೆ ನಿಂತಾಗ ಮುಗಿದ ಚಿತ್ರ ಮಾತ್ರ ನಮಗೆ ಸಿಗುತ್ತೆ. ಸ್ಕೆಚ್ಚಿನಲ್ಲಿ ಕಲಾವಿದೆ ತಡವರಿಸಿದ್ದು, ತೀರ್ಮಾನಿಸಿದ್ದು ಎರಡೂ ಇರುತ್ತೆ. ಇಂಥವು ನನ್ನ ಮೇಜಿಗೆ ಬಂದಾಗ ಬೇರೆ ಕೆಲಸ ಬಿಟ್ಟು ನೋಡುತ್ತೇನೆ: ಬಣ್ಣದ ಕೆಳಗೆ ಅರ್ಧ ಅಳಿಸಿದ ಪೆನ್ಸಿಲ್ ಗೆರೆ, ಟೇಪು ಕಿತ್ತ ಕಡೆ ರಟ್ಟಿನ ಮೇಲ್ಪದರ ಎದ್ದದ್ದು, ಸ್ಟೆನ್ಸಿಲ್ ಸರಿಯಾಗಿ ಒತ್ತಿ ಕೂರದ ಕಡೆ ಬಣ್ಣ ಒಳಗೆ ನುಗ್ಗಿ ಮಂಜಾದ ಅಂಚು. ಆ ಮಂಜು ಇನ್ನೊಂದರಲ್ಲಿ ಹಾಗೇ ಬರುವುದಿಲ್ಲ.

ಬಾಳಿಕೆಯ ಮಾತು ನಿಜ. ಸಾಧಾರಣ ರಟ್ಟಿನಲ್ಲಿ ಮರದ ನಾರನ್ನು ಬಿಗಿಹಿಡಿಯುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತೆ, ಬೆಳಕು ಗಾಳಿಗೆ ಅದು ಕಂದಾಗಿ, ಆಮ್ಲ ಹುಟ್ಟಿ, ಕೊನೆಗೆ ಪುಡಿಯಾಗುತ್ತೆ. ನಿಲ್ಲಿಸಲು ಆಗದು, ತುಂಬಾ ನಿಧಾನ ಮಾಡಬಹುದು. ಕೊಳ್ಳುವ ಮುಂಚೆ ಎರಡು ಕೇಳಿ. ಬಣ್ಣ ಯಾವುದು? ಸ್ಪ್ರೇ, ಅಕ್ರಿಲಿಕ್ ಆದರೆ ನಿಶ್ಚಿಂತೆ. ಆಲ್ಕೋಹಾಲ್ ಮಾರ್ಕರ್ ಬಳಸಿದ್ದರೆ ಅದು ಡೈ ಬಣ್ಣ, ಬಿಸಿಲು ಬೀಳುವ ಗೋಡೆಯಲ್ಲಿ ಬೇಗ ಮಾಸುತ್ತೆ. ಎರಡನೆಯದು, ಹಿಂದುಗಡೆ ಸಹಿ, ವರ್ಷ, ಯಾವ ಗೋಡೆಗೆ ಮಾಡಿದ್ದು ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಮುಂದೆ ಆ ಗೋಡೆಗೆ ಸುಣ್ಣ ಬಿದ್ದರೂ ಆ ಚಿತ್ರಕ್ಕೆ ನಿಮ್ಮ ರಟ್ಟೇ ದಾಖಲೆ.

ಡಬ್ಬಿ_ಹಿಡಿದವ:

ನಾನು ಗೋಡೆ ಕೆಲಸ ಮಾಡುವವ, ಮಾರುವ ಕಡೆಯಿಂದ ಒಂದೆರಡು ಮಾತು. ಚೌಕಟ್ಟು ಸರ್ ಹೇಳಿದ್ದು ಅಕ್ಷರಶಃ ನಿಜ.

ಖಾಲಿಗೋಡೆಯವರೇ, ಸಂಕೋಚ ಬಿಟ್ಟು ಕಲಾವಿದೆಗೇ ಬರೆಯಿರಿ. ಗೋಡೆಗೆ ಬರೆಯುವವರ ಹತ್ತಿರ ಮಾರಾಟಕ್ಕೆ ಅಂತ ಇಟ್ಟದ್ದಕ್ಕಿಂತ ಸುಮ್ಮನೆ ಬಿದ್ದಿರುವುದೇ ಜಾಸ್ತಿ: ಸ್ಕೆಚ್ ಪುಸ್ತಕದ ಹಾಳೆ, ಬಣ್ಣ ಹೊಂದಿಸಿ ನೋಡಿದ ತುಂಡು, ಜಾಲರಿ ಸರಿ ಕೂತಿದೆಯಾ ಅಂತ ಎಳೆದ ಟೆಸ್ಟ್ ಹಾಳೆ. ಅದರಲ್ಲೂ ಬಳಸಿ ಮುಗಿದ ಸ್ಟೆನ್ಸಿಲ್ ಕೇಳಿ ನೋಡಿ. ಬ್ಲೇಡಿನಲ್ಲಿ ಕೈಯಾರೆ ಕತ್ತರಿಸಿದ ಹಾಳೆ ಅದು. ಒಳಗಿನ ತುಂಡು ಉದುರದ ಹಾಗೆ ಅಲ್ಲಲ್ಲಿ ಬಿಟ್ಟ ಸಣ್ಣ ಪಟ್ಟಿಗಳು, ಅದರ ಸುತ್ತ ಪ್ರತಿ ಗೋಡೆಯ ಬಣ್ಣವೂ ಪದರ ಪದರವಾಗಿ ಹೆಪ್ಪುಗಟ್ಟಿರುತ್ತೆ. ನನಗೆ ಕೇಳಿದರೆ ಎಷ್ಟೋ ಸಲ ಗೋಡೆಯ ಮೇಲೆ ಬಂದ ಚಿತ್ರಕ್ಕಿಂತ ಅದೇ ಚೆಂದ. ಕೆಲವರು ಮಾತ್ರ ಅದನ್ನು ಕೊಡಲೊಪ್ಪುವುದಿಲ್ಲ, ಇನ್ನೊಬ್ಬರು ಬಳಸಿಯಾರು ಅಂತ. ಒತ್ತಾಯ ಮಾಡಬೇಡಿ.

ಕಂತಿನಲ್ಲಿ ಕೊಡುತ್ತೇನೆ ಅಂತ ಕೇಳುವುದರಲ್ಲಿ ತಪ್ಪೇ ಇಲ್ಲ. ನ್ಯೂಯಾರ್ಕಿನ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ದಂಪತಿ ಹಾಗೇ ಕೊಂಡವರು. ಹರ್ಬರ್ಟ್ ಅಂಚೆ ಇಲಾಖೆಯ ನೌಕರ, ಡೊರೊಥಿ ಗ್ರಂಥಪಾಲಕಿ. ಆಕೆಯ ಸಂಬಳದಲ್ಲಿ ಸಂಸಾರ, ಈತನ ಸಂಬಳದಲ್ಲಿ ಚಿತ್ರ. ಕೈಗೆಟುಕಬೇಕು, ತಮ್ಮ ಪುಟ್ಟ ಮನೆಯೊಳಗೆ ಹಿಡಿಸಬೇಕು, ಅವರು ನೋಡುತ್ತಿದ್ದದ್ದು ಅಷ್ಟೇ. ಕಲಾವಿದರ ಸ್ಟುಡಿಯೋಗೇ ಹೋಗಿ ಡ್ರಾಯಿಂಗು, ಸಣ್ಣ ಸ್ಕೆಚ್ಚುಗಳನ್ನು ಆರಿಸುತ್ತಿದ್ದರು. 1992ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಅವರ ಸಂಗ್ರಹವನ್ನು ಬರಮಾಡಿಕೊಂಡಿತು, ಕೊನೆಗೆ ಅದು 4,000 ಕೃತಿ ದಾಟಿತ್ತು. ಕೊಂಡದ್ದನ್ನು ಮಾರಿ ಹಣ ಮಾಡಿದವರಲ್ಲ ಅವರು. ಕಲಾವಿದರು ಅವರಿಗೆ ಬಾಗಿಲು ತೆರೆದದ್ದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ.

ಒಂದು ಕೋರಿಕೆ. ಗೋಡೆಯಿಂದ ಕೆತ್ತಿ ತೆಗೆದದ್ದನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಇಂಗ್ಲೆಂಡಿನ ಹೆಸರಾಂತ ಗೋಡೆ ಕಲಾವಿದ ಬ್ಯಾಂಕ್ಸಿ 2012ರಲ್ಲಿ ಲಂಡನ್ನಿನ ವುಡ್ ಗ್ರೀನ್‌ನಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತು ಬಾವುಟ ಹೊಲಿಯುವ ಹುಡುಗನನ್ನು ಒಂದು ಅಂಗಡಿಯ ಗೋಡೆ ಮೇಲೆ ಬರೆದಿದ್ದರು. 2013ರ ಫೆಬ್ರವರಿಯಲ್ಲಿ ಅದು ಗೋಡೆಯಿಂದ ಮಾಯವಾಗಿ, ಮಯಾಮಿಯ ಹರಾಜಿನ ಪಟ್ಟಿಯಲ್ಲಿ ಕಂಡಿತು. ಆ ಬಡಾವಣೆಯ ಜನ ಗಲಾಟೆ ಮಾಡಿ ಆ ಹರಾಜು ತಪ್ಪಿಸಿದರೂ ಅದೇ ವರ್ಷ ಲಂಡನ್ನಿನಲ್ಲೇ ಮಾರಾಟವಾಗಿ ಹೋಯಿತು. ಬೀದಿಯವರಿಗೆ ಅಂತ ಬರೆದದ್ದು ಅದು.

ಖಾಲಿಗೋಡೆ:

ಇಬ್ಬರಿಗೂ ತುಂಬಾ ಧನ್ಯವಾದ. ಚೌಕಟ್ಟು ಸರ್, ನೀವು ಹೇಳಿದ ‘ಮಂಜಾದ ಅಂಚು’ ಓದಿ ಆ ಮಿಂಚುಳ್ಳಿಯ ಫೋಟೋ ಮತ್ತೆ ದೊಡ್ಡದು ಮಾಡಿ ನೋಡಿದೆ. ಕೊಕ್ಕಿನ ಕೆಳಗೆ ಹಾಗೇ ಇದೆ! ಕಲಾವಿದೆಗೆ ಬರೆದಿದ್ದೇನೆ. ಬಣ್ಣ ಸ್ಪ್ರೇ ಮಾತ್ರವಂತೆ, ಹಿಂದೆ ಬರೆದುಕೊಡಲೂ ಒಪ್ಪಿದ್ದಾರೆ.

ಇನ್ನೆರಡು ಕೇಳಿಬಿಡುತ್ತೇನೆ. ಮನೆಯಲ್ಲಿ ಅಣ್ಣ “ಪ್ರಮಾಣಪತ್ರ ಇಲ್ಲದೆ ಕೊಳ್ಳಬೇಡ, ನಾಳೆ ಮಾರಲು ಹೋದರೆ ಯಾರು ನಂಬುತ್ತಾರೆ” ಅನ್ನುತ್ತಿದ್ದಾನೆ. ಮತ್ತೆ ಈ ಮಿಂಚುಳ್ಳಿಯನ್ನು ನನ್ನ ಅಂಗಿಗೋ ಬ್ಯಾಗಿಗೋ ಅಚ್ಚು ಹಾಕಿಸಿಕೊಳ್ಳಬಹುದಾ?

ಚೌಕಟ್ಟು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಕೇಳದೆ ಅಚ್ಚು ಹಾಕಿಸಬೇಡಿ. ಕೃತಿ ನಿಮ್ಮದಾಗುತ್ತೆ, ಅದರ ಕಾಪಿರೈಟ್ ಕಲಾವಿದೆಯ ಹತ್ತಿರವೇ ಉಳಿಯುತ್ತೆ. ಗೋಡೆಗೆ ಹಾಕಿಕೊಳ್ಳಿ, ಬೇಕಾದಾಗ ಮಾರಿ, ಅಚ್ಚು ಹಾಕಿಸಲು ಮಾತ್ರ ಅವರ ಅನುಮತಿ ಬೇಕು.

ಪ್ರಮಾಣಪತ್ರದ ಬಗ್ಗೆ ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಬ್ಯಾಂಕ್ಸಿಯಂಥವರ ವಿಷಯದಲ್ಲಿ ಅದೇ ಎಲ್ಲ. 2008ರಿಂದ ಪೆಸ್ಟ್ ಕಂಟ್ರೋಲ್ ಎಂಬ ಅವರದೇ ಕಚೇರಿ ಪತ್ರ ಕೊಡುತ್ತೆ. ರಾಣಿಯ ಬದಲು ಡಯಾನಾ ಮುಖ ಹಾಕಿ ಬ್ಯಾಂಕ್ಸಿ ಅಚ್ಚು ಹಾಕಿದ ಹತ್ತು ಪೌಂಡಿನ ನೋಟನ್ನು ಅಡ್ಡ ಹರಿದು, ಅರ್ಧವನ್ನು ಪತ್ರಕ್ಕೆ ಪಿನ್ ಹೊಡೆದಿರುತ್ತಾರೆ, ಇನ್ನರ್ಧ ಅವರ ಬಳಿ. ಎರಡನ್ನೂ ಜೋಡಿಸಿದರೆ ಹರಿದ ಅಂಚು, ಮೇಲೆ ಕೈಯಲ್ಲಿ ಬರೆದ ಸಂಖ್ಯೆ ಕೂಡಬೇಕು. ಬೀದಿ ಗೋಡೆಯ ಚಿತ್ರಗಳಿಗೆ ಮಾತ್ರ ಆ ಕಚೇರಿ ಪತ್ರ ಕೊಡುವುದೇ ಇಲ್ಲ. ಯಾರೋ ಮಾರಾಟಗಾರ ತಾನೇ ಟೈಪ್ ಮಾಡಿಕೊಟ್ಟ, ಚಿನ್ನದ ಮುದ್ರೆ ಒತ್ತಿದ ಹಾಳೆಗೆ ಮಾತ್ರ ಮೂರು ಕಾಸಿನ ಬೆಲೆ ಇಲ್ಲ. ನಿಮ್ಮ ವಿಷಯದಲ್ಲಿ ಕೊಡುತ್ತಿರುವವರೇ ಮಾಡಿದವರು. ಹಿಂದಿನ ಬರಹ, ರಸೀದಿ, ನಿಮ್ಮಿಬ್ಬರ ನಡುವೆ ಹೋದ ಬಂದ ಪತ್ರ, ಅವರು ರಟ್ಟು ಹಿಡಿದು ನಿಂತ ಒಂದು ಫೋಟೋ, ಇಷ್ಟನ್ನು ಒಂದು ಲಕೋಟೆಯಲ್ಲಿ ಇಟ್ಟುಬಿಡಿ.

ನಾಳೆ ಮಾರುವ ಲೆಕ್ಕ ಮಾತ್ರ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಮುಂದೆ ಯಾರ ಹೆಸರು ಏರುತ್ತೆ ಅಂತ ಕೊಳ್ಳುವವರಿಗೆ ಕಾಣುವುದಿಲ್ಲ. 2013ರ ಅಕ್ಟೋಬರ್ 13ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಳಿ ವಯಸ್ಸಾದವರೊಬ್ಬರು ಬ್ಯಾಂಕ್ಸಿಯ ಸಹಿ ಮಾಡಿದ ಅಸಲಿ ಕ್ಯಾನ್ವಾಸುಗಳನ್ನು ತಲಾ 60 ಡಾಲರಿಗೆ ಇಟ್ಟುಕೊಂಡು ಕೂತಿದ್ದರು. ಹೆಸರು ಹಾಕಿರಲಿಲ್ಲ. ಇಡೀ ದಿನದ ವ್ಯಾಪಾರ 420 ಡಾಲರ್. ಒಬ್ಬರು ಚೌಕಾಸಿ ಮಾಡಿ ಎರಡನ್ನು ಅರ್ಧ ಬೆಲೆಗೆ ಒಯ್ದರು. ಅಂದು ಕೊಂಡವರು ಕೊಂಡದ್ದು ಚಿತ್ರ ಹಿಡಿಸಿತು ಅಂತ. ಅವರ ಕಣ್ಣಿನ ಮೇಲೆ ನನಗೆ ಬಹಳ ಗೌರವ.

ಅಮೆರಿಕದ ಕಲಾವಿದ ಕೀತ್ ಹೇರಿಂಗ್ ಕೂಡ ಇಂಥವರನ್ನು ನೆನೆದೇ ಕೆಲಸ ಮಾಡಿದವರು. 1980ರಿಂದ 1985ರವರೆಗೆ ನ್ಯೂಯಾರ್ಕ್ ಸಬ್‌ವೇಯಲ್ಲಿ, ಖಾಲಿ ಜಾಹೀರಾತು ಫಲಕಗಳಿಗೆ ಅಂಟಿಸಿದ್ದ ಕಪ್ಪು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಬರೆದರು. 1986ರಲ್ಲಿ ಪಾಪ್ ಶಾಪ್ ಅಂತ ಅಂಗಡಿಯನ್ನೇ ತೆರೆದು ಬ್ಯಾಡ್ಜು, ಪೋಸ್ಟರು, ಅಂಗಿ ಮಾರಿದರು. ಕಲೆಯನ್ನು ಅಗ್ಗ ಮಾಡಿದ ಅಂತ ಬೈದವರು ಇದ್ದರು. ಮಕ್ಕಳ ಕೈಗೂ ಎಟುಕಲಿ ಅನ್ನುವುದೇ ಅವರ ಉದ್ದೇಶ, ನಾನು ಅವರ ಕಡೆ.

ಡಬ್ಬಿ_ಹಿಡಿದವ:

ಹೊಸದಾಗಿ ಮಾಡಿದ್ದಾದರೆ ತಕ್ಷಣ ಗಾಜಿನೊಳಗೆ ಹಾಕಬೇಡಿ. ಸ್ಪ್ರೇ ಮುಟ್ಟಿದರೆ ಬೇಗ ಒಣಗಿದಂತೆ ಅನ್ನಿಸುತ್ತೆ, ಒಳಗಿನ ದ್ರಾವಕ ಆರಲು ಇನ್ನಷ್ಟು ದಿನ ಬೇಕು. ಮೂಗಿಗೆ ವಾಸನೆ ಬರುತ್ತಿದ್ದರೆ ಕಾಯಿರಿ.

ಖಾಲಿಗೋಡೆ:

ಮಿಂಚುಳ್ಳಿಯೇ ಅಂತ ತೀರ್ಮಾನ ಮಾಡಿ ಮೊದಲ ಕಂತು ಕಳಿಸಿದ್ದಾಯಿತು! ಫ್ರೇಮಿನವರಿಗೆ ಏನು ಹೇಳಲಿ ಸರ್?

ಚೌಕಟ್ಟು:

ಭಾಳ ಸಂತೋಷ ಮೇಡಂ. ಹೀಗೆ ಹೇಳಿ. ರಟ್ಟನ್ನು ಯಾವುದಕ್ಕೂ ಪೂರ್ತಿ ಅಂಟಿಸಬಾರದು, ಸೆಲ್ಲೋಟೇಪು, ಎರಡು ಬದಿಯ ಟೇಪು, ಬಿಸಿ ಒತ್ತು ಯಾವುದೂ ಬೇಡ. ಜಪಾನೀ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯಲ್ಲಿ ಅಂಟಿಸಿ ಮೇಲಂಚಿನಿಂದ ತೂಗು ಹಾಕಲಿ, ಬೇಕೆಂದಾಗ ನೀರು ತಾಕಿಸಿ ಬಿಡಿಸಬಹುದು. ರಟ್ಟು ಭಾರ ಇದ್ದರೆ ಕೆಳಗೂ ಆಸರೆ ಕೊಡಲಿ. ಹಿಂದಿನ ಹಲಗೆ, ಮೌಂಟು (ಚಿತ್ರದ ಸುತ್ತ ಕೂರಿಸುವ ದಪ್ಪ ಕಾಗದದ ಅಂಚು) ಎರಡೂ ಆಮ್ಲ ಇಲ್ಲದ್ದಿರಲಿ. ಬಣ್ಣ ಗಾಜಿಗೆ ತಾಗದ ಹಾಗೆ ಒಳಗೆ ಅಂತರ ಬಿಡಿಸಿ, ಆಳದ ಪೆಟ್ಟಿಗೆ ಫ್ರೇಮ್ ಅಂದರೆ ಅವರಿಗೆ ಅರ್ಥವಾಗುತ್ತೆ. ಯುವಿ ತಡೆಯುವ ಗಾಜಿಗೆ ದುಡ್ಡು ಜಾಸ್ತಿ, ಆದರೂ ಉಳಿಸುವುದಾದರೆ ಮರದ ಪಟ್ಟಿಯಲ್ಲಿ ಉಳಿಸಿ, ಗಾಜಿನಲ್ಲಿ ಬೇಡ. ಕಾಗದದ ಕೃತಿಗಳಿಗೆ ಮ್ಯೂಸಿಯಮ್ಮುಗಳು ಇಡುವ ಬೆಳಕು ಸುಮಾರು 50 ಲಕ್ಸ್, ಅಂದರೆ ಮಬ್ಬು ಕೋಣೆ. ಮನೆಯಲ್ಲಿ ಅಷ್ಟು ಕತ್ತಲೆ ಮಾಡಿಕೊಂಡು ಕೂರಬೇಕಿಲ್ಲ, ಕಿಟಕಿ ಎದುರಿನ ಗೋಡೆ, ಸ್ನಾನದ ಮನೆಗೆ ತಾಗಿದ ಗೋಡೆ ಎರಡನ್ನೂ ಬಿಟ್ಟು ಬೇರೆ ಕಡೆ ಹಾಕಿ.

ಮತ್ತೆ, ಹಿಂದೆ ಕಲಾವಿದೆ ಬರೆದುಕೊಟ್ಟದ್ದನ್ನು ಹಲಗೆ ಮುಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ.