ತುರ್ತು: ‘ಸರ್ಚ್ ಆಪರೇಟರ್’ಗೆ ಕನ್ನಡ ಪದ ಬೇಕು

ಕುಂಬಳೆಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ವಾಚನಾಲಯದ ಕಂಪ್ಯೂಟರಿನ ಪಕ್ಕ ಒಂದು ಫಲಕ ಹಾಕ್ತಾ ಇದ್ದೇವೆ. ಗೂಗಲ್‌ನಲ್ಲಿ ಸರಿಯಾಗಿ ಹುಡುಕುವುದು ಹೇಗೆ ಅಂತ ಕನ್ನಡ ಮಾಧ್ಯಮದ ಮಕ್ಕಳಿಗೆ ತಿಳಿಸುವ ಫಲಕ. ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಒಳಗಿನ ಸಾಲುಗಳು ತಯಾರಿವೆ, ತಲೆಬರಹದ ಪದ ಮಾತ್ರ ಇಲ್ಲ. ಹುಡುಕಾಟವನ್ನು ಬಿಗಿ ಮಾಡುವ ಉದ್ಧರಣ ಚಿಹ್ನೆ, ಪ್ಲಸ್, ಮೈನಸ್ (ಆ ಪದ ಇರುವ ಪುಟ ಬೇಡ), ಸೈಟ್ (ಒಂದೇ ತಾಣದ್ದು ಸಾಕು), ಫೈಲ್‌ಟೈಪ್ (ಪಿಡಿಎಫ್‌ನಂಥ ಒಂದೇ ಬಗೆಯ ಕಡತ ಸಾಕು) ಇವಕ್ಕೆಲ್ಲ ಸೇರಿಸಿ ಸರ್ಚ್ ಆಪರೇಟರ್ ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬಹುದು? ಯಂತ್ರಾನುವಾದ ‘ಹುಡುಕಾಟ ನಿರ್ವಾಹಕರು’ ಅಂದಿತು. ನಿರ್ವಾಹಕರು ಮಂಗಳೂರು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾರೆ.

ಮೈನಸ್‌ಗೆ ಕೊಟ್ಟ ಉದಾಹರಣೆ ಇದು: ‘ಏಳನೇ ತರಗತಿ ಸಮಾಜ ವಿಜ್ಞಾನ -ಕರ್ನಾಟಕ’. ಕಾಸರಗೋಡು ಕೇರಳದಲ್ಲಿರುವುದರಿಂದ ನಮ್ಮ ಮಕ್ಕಳು ಓದುವುದು ಕೇರಳದ ಕನ್ನಡ ಪುಸ್ತಕ. ಹುಡುಕಿದರೆ ಬರುವುದೆಲ್ಲ ಕರ್ನಾಟಕದ್ದು.

ಪೆರ್ಲದಿಂದ:
ಅರಸುಗುರುತು. ‘ಅರಸು’ ಎಂದರೆ ಹುಡುಕು, ಅಚ್ಚಗನ್ನಡ. ‘ಶೋಧ’, ‘ಅನ್ವೇಷಣೆ’ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಬೇಡ.

ಬದಿಯಡ್ಕದಿಂದ:
ಅರಸುಗುರುತು ಅಂದರೆ ಮಾಯಿಪ್ಪಾಡಿ ಅರಮನೆಯ ಮುದ್ರೆ ಅಂತ ತಿಳಿದಾರು ಮಕ್ಕಳು. ಅಷ್ಟು ದೂರ ಯಾಕೆ ಹೋಗಬೇಕು, ತುಳುವಿನಲ್ಲಿ ‘ನಾಡುನಿ’ ಇದೆ. ಹುಡುಕುವುದು ಎಂದೇ ಅರ್ಥ. ನನ್ನನ್ನು ಕೇಳಿದರೆ, ಹುಡುಕಿ ಹಿಡಿದ ನೆಲವೇ ‘ನಾಡು’. ‘ನಾಡುಗುರುತು’ ಅನ್ನಿ.

ಪೆರ್ಲದಿಂದ:
ಆಧಾರ? ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ.

ಮಂಜೇಶ್ವರದಿಂದ:
ಪದ ಆಮೇಲೆ. ಫಲಕದ ಸಾಲುಗಳನ್ನು ಮೊದಲು ನೋಡಿ ಮಾಷ್ಟ್ರೇ. ಪ್ಲಸ್ ತೆಗೆಯಿರಿ, ಅದನ್ನು ಗೂಗಲ್ 2011ರಲ್ಲೇ ಕೈಬಿಟ್ಟಿದೆ. ಕೊಟ್ಟ ಪದ ಹಾಗೇ ಇರುವ ಪುಟವನ್ನೇ ತರುವ ಆ ಕೆಲಸ ಈಗ ಉದ್ಧರಣ ಚಿಹ್ನೆಯದ್ದು. ಆದರೆ ಇಂಗ್ಲಿಷಿನವರು ಹೇಳಿದ ಉಪಾಯ ಕನ್ನಡಕ್ಕೆ ಹಾಗೇ ಕೂರುವುದಿಲ್ಲ. ನಮ್ಮಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದಲ್ಲ. ಚಿಹ್ನೆಯೊಳಗೆ ‘ಕಾಸರಗೋಡು’ ಅಂತ ಕೊಟ್ಟರೆ ‘ಕಾಸರಗೋಡಿನಲ್ಲಿ’ ಅಂತ ಬರೆದ ಪುಟ ತಪ್ಪಿಹೋಗಬಹುದು. ಎರಡು ಮೂರು ರೂಪ ಕೊಟ್ಟು ನಡುವೆ ಇಂಗ್ಲಿಷಿನ ‘ಆರ್’ (OR) ಹಾಕಬೇಕು, ಅದೂ ದೊಡ್ಡ ಅಕ್ಷರದಲ್ಲಿ. ಊರ ಹೆಸರಿಗಂತೂ ಇದು ಬೇಕೇ ಬೇಕು. ಕುಂಬಳೆ, ಕುಂಬ್ಳೆ ಎರಡೂ ಬರೆಯುತ್ತಾರೆ, ಮಲಯಾಳದಲ್ಲಿ ಅದು ಕುಂಬಳ.

ಮೈನಸ್‌ನ ಎಡಕ್ಕೆ ಒಂದು ಜಾಗ ಬಿಡಬೇಕು, ಬಲಕ್ಕೆ ಬಿಡಬಾರದು. ಸೈಟ್, ಫೈಲ್‌ಟೈಪ್ ಇಂಗ್ಲಿಷಿನಲ್ಲೇ ಬರೆದು, ಎರಡು ಚುಕ್ಕಿ (:) ಇಟ್ಟು, ಜಾಗ ಬಿಡದೆ ಮುಂದುವರಿಸಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಮಕ್ಕಳು ಎಡವುವುದು ಇಲ್ಲೇ.

ಇನ್ನೊಂದು. ಹಳೇ ಪಿಡಿಎಫ್‌ಗಳು ಎಷ್ಟೋ ಸಲ ಸಿಗುವುದೇ ಇಲ್ಲ. ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಬೇರೇನೋ ಅಕ್ಷರ. ಅಂಥವನ್ನು ಇಂಗ್ಲಿಷ್ ಶೀರ್ಷಿಕೆ ಹಾಕಿ ಹುಡುಕಿದರೆ ಕೆಲವೊಮ್ಮೆ ಸಿಗುತ್ತವೆ.

ನೀರ್ಚಾಲಿನಿಂದ:
ನನಗೆ ಬೇರೆಯೇ ತಕರಾರು. ಕಾಸರಗೋಡಿನ ಕನ್ನಡ ವಾಚನಾಲಯದ ಗೋಡೆಯಲ್ಲಿ ‘ಮೈನಸ್ ಕರ್ನಾಟಕ’ ಅಂತ ಬರೆಸುತ್ತೀರಾ? 1956ರಲ್ಲಿ ಕೇರಳಕ್ಕೆ ಸೇರಿಸಿ ಒಮ್ಮೆ ಮೈನಸ್ ಆದದ್ದು ಸಾಲದಾ? ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿದೆ. ನೀವು ಫ್ಲೆಕ್ಸ್ ಹಾಕಿ ಅದನ್ನೂ ಅಳಿಸಿಬಿಡಿ.

ಬದಿಯಡ್ಕದಿಂದ:
ಪುಸ್ತಕ ಹುಡುಕುವ ಮಗುವಿಗೆ ಆಯೋಗ ಯಾಕೆ ಅಣ್ಣ?

ನೀರ್ಚಾಲಿನಿಂದ:
ಆ ಮಗು ಕನ್ನಡದಲ್ಲಿ ಹುಡುಕುತ್ತಾ ಇರುವುದೇ ನಮ್ಮ ಹಿರಿಯರು ಹಟ ಹಿಡಿದದ್ದರಿಂದ.

ಮಂಜೇಶ್ವರದಿಂದ:
ಮೈನಸ್ ಕರ್ನಾಟಕ ಕೆಲಸಕ್ಕೂ ಬರುವುದಿಲ್ಲ. ಕರ್ನಾಟಕ ಎಂಬ ಪದ ಇರುವ ಪುಟವನ್ನೆಲ್ಲ ಅದು ಬಿಟ್ಟುಬಿಡುತ್ತದೆ. ನಮಗೆ ಬೇಕಾದ ಕೇರಳದ ಪುಟದಲ್ಲೂ ಆ ಪದ ಇರಬಹುದಲ್ವಾ? ಪಠ್ಯಪುಸ್ತಕಕ್ಕೆ ಸೈಟ್ ಬಳಸಿ, ಮುಂದೆ ಕೇರಳ ಡಾಟ್ ಗವ್ ಡಾಟ್ ಇನ್ ಹಾಕಿ. ಆಗ ಸರ್ಕಾರಿ ತಾಣದ್ದು ಮಾತ್ರ ಬರುತ್ತದೆ. ಮೈನಸ್‌ಗೆ ನಿಮ್ಮ ಊರೇ ಸಾಕು. ‘ಕುಂಬ್ಳೆ’ ಅಂತ ಹುಡುಕಿ ನೋಡಿ, 1999ರ ದೆಹಲಿ ಟೆಸ್ಟಿನ ಹತ್ತು ವಿಕೆಟ್ ಬರುತ್ತದೆ. ‘ಕುಂಬ್ಳೆ -ಅನಿಲ್ -ಕ್ರಿಕೆಟ್’ ಅನ್ನಿ, ಊರು ಮೇಲೆ ಬರುತ್ತದೆ.

ಪೆರ್ಲದಿಂದ:
ಮೈನಸ್, ಸೈಟ್, ಫೈಲ್, ಫ್ಲೆಕ್ಸ್. ಕನ್ನಡ ಎಲ್ಲಿದೆ ಇದರಲ್ಲಿ?

ಬದಿಯಡ್ಕದಿಂದ:
ಮೈನಸ್ಸಿಗೆ ‘ಕಳೆ’ ಅನ್ನಬಹುದು. ಗದ್ದೆಯ ಕಳೆ ಅಂತ ಕಿತ್ತಾರು. ಬಳಕೆಗೆ ಬಂದ ಪದವನ್ನು ಓಡಿಸುವ ಚಟ ನಿಮಗೆ ಜಾಸ್ತಿಯಾಯಿತು. ಮಲಯಾಳದಿಂದ ಬಂದರೂ ಸಿಟ್ಟು, ಸಂಸ್ಕೃತದಿಂದ ಬಂದರೂ ಸಿಟ್ಟು. ಅದಕ್ಕೇ ಗಡಿಯಾಚೆಯವರಿಗೆ ನಮ್ಮ ಮಾತು ತಮಾಷೆ.

ಪೆರ್ಲದಿಂದ:
ತಮಾಷೆ ಅರಬ್ಬಿ ಮೂಲದ್ದು.

ಕುಂಬಳೆಯಿಂದ:
ಸುಮ್ನೆ ಜಗಳ ಬೇಡ. ‘ಹುಡುಕುಗುರುತು’ ಅಂತ ಬರೆಯುತ್ತೇನೆ. ಕೆಳಗೆ ಸಣ್ಣಕ್ಷರದಲ್ಲಿ ‘ಸರ್ಚ್ ಆಪರೇಟರ್’ ಅಂತಲೂ ಇರಲಿ. ಆ ಹೆಸರಿನಲ್ಲೇ ಮಕ್ಕಳು ಮುಂದೆ ಓದಬೇಕು ತಾನೆ? ಪ್ಲಸ್ ತೆಗೆದಿದ್ದೇನೆ, ಅನಿಲ್ ಕುಂಬ್ಳೆಯ ಉದಾಹರಣೆ ಹಾಕಿದ್ದೇನೆ. ವ್ಯಾಕರಣಕ್ಕೆ ಸರಿ ಇದೆಯಾ ಅಂತ ಯಾರಾದರೂ ಒಂದು ಮಾತು ಹೇಳಿ.

ಪೆರ್ಲದಿಂದ:
ಸರಿ ಇದೆ. ಸುಡು, ಕಾಡು ಸೇರಿ ಸುಡುಗಾಡು ಆಗಿಲ್ಲವೇ, ಹಾಗೆ. ನಡುವೆ ಜಾಗ ಬಿಡಬೇಡಿ.